ಕೋಟಜ್ಜನಿಗೊಂದು ಎಡಿ

ಬದುಕಿರುವ ಮನುಷ್ಯನಿಗೆ ಹಿರಿಯರ ಎಡೆ ಹಿಡಿದ ಮನೆ ಇಡೀ ಲೀಡ್ಸ್ ಊರಿನಲ್ಲಿ ನಮ್ಮದೊಂದೇ ಇರಬೇಕು. ಊರ ಕಡೆ, ನಮ್ಮ ಶಿರಹಟ್ಟಿ ತಾಲೂಕಿನಲ್ಲೂ ಇಂಥದ್ದು ನಡೆದದ್ದು ನಾನು ಕೇಳಿಲ್ಲ. ಅದೂ ಕಾಟಾಚಾರಕ್ಕೆ ನಾಲ್ಕು ಅಗುಳು ಚೆಲ್ಲಿದ್ದಲ್ಲ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ, ಸಂಡಿಗೆ, ಹಪ್ಪಳ, ಹಾಲು ತುಪ್ಪ, ಊದಿನಕಡ್ಡಿ, ಎಲ್ಲ ಸಾಂಗವಾಗಿ ನಡೆಯಿತು. ಯಾರಿಗೆ ನಡೆಯಿತೋ ಆ ಮನುಷ್ಯ ಅದೇ ಹೊತ್ತಿಗೆ ಮೂರು ಓಣಿ ಆಚೆ ಗಲ್ಲೆಯ ಮುಂದೆ ಕೂತು ಟೀ ಕುಡಿಯುತ್ತಿದ್ದ. ಇದಾಗಿ ಹತ್ತು ದಿನವಾಯಿತು. ನನ್ನ ಹೆಂಡತಿ ಪಾತ್ರೆ ತೊಳೆಯುತ್ತ ಈಗಲೂ ಒಬ್ಬಳೇ ನಗುತ್ತಾಳೆ. ನಾನು ಒಂದು ಹೊತ್ತು ನಗುತ್ತೇನೆ, ಒಂದು ಹೊತ್ತು ಸಿಟ್ಟಿಗೇಳುತ್ತೇನೆ. ಅವ್ವ ಮಾತ್ರ "ಏನಾತೀಗ? ಮುಳುಗಿ ಹೋಗುವಂಥಾದ್ದು ಏನಾತು?" ಅಂತ ನಮ್ಮಿಬ್ಬರನ್ನೂ ಗದರಿಸಿ ಮಲಗುತ್ತಾಳೆ.

ಇದಕ್ಕೆಲ್ಲ ಮೂಲ ನನ್ನ ಮಗಳು. ವಯಸ್ಸು ಹದಿನಾರು. ಒಂದು ವರ್ಷದಿಂದ ಹೊಸ ಬಟ್ಟೆಯನ್ನು ಮೈಗೆ ಸೋಕಿಸಿಲ್ಲ. ಕೊಂಡರೆ ಭೂಮಿ ಹಾಳಾಗುತ್ತದಂತೆ. ಒಂದು ಹತ್ತಿ ಅಂಗಿ ತಯಾರಾಗಲು 2,700 ಲೀಟರು ನೀರು ಬೇಕು ಎಂದು ಲೆಕ್ಕ ಒಪ್ಪಿಸುತ್ತಾಳೆ, ಅರ್ಧ ತಾಸು ಶವರಿನ ಕೆಳಗೆ ನಿಂತು ಬಂದ ಮೇಲೆ. ಅವ್ವ ಈ ಲೆಕ್ಕ ಕೇಳಿದ ದಿನ ಬಹಳ ನೊಂದುಕೊಂಡಳು. "ನಮ್ಮ ಬೆಳ್ಳಟ್ಟಿ ಹೊಲದಾಗ ಜಯಧರ ಹತ್ತಿ ಬರೇ ಮಳಿ ನೀರಿಗೇ ಬೆಳೀತಿತ್ತು. ಒಂದು ಕೊಡಾ ನೀರು ಹಾಕಿದಾವ್ರಲ್ಲ ನಾವು. ಈಕಿ ನನಗ ಲೀಟರು ಎಣಿಸಿ ತೋರಸ್ತಾಳ!"

ಅಂತೂ ಒಂದು ಶನಿವಾರ ಮಧ್ಯಾಹ್ನ ಮಗಳು ಒಂದು ಗಂಡಸರ ಕೋಟು ಹಾಕಿಕೊಂಡು ಮನೆಯೊಳಗೆ ಬಂದಳು. ಕಂದು ಬಣ್ಣ, ದಪ್ಪ ಉಣ್ಣೆ, ಮೊಣಕಾಲು ದಾಟಿದ ಉದ್ದ. ತೋಳು ಅವಳ ಬೆರಳು ದಾಟಿ ಇನ್ನೂ ಮುಂದೆ ಹೋಗಿದ್ದವು. ನೋಡಿದರೆ ಕೋಟೇ ಅವಳನ್ನು ಹೊತ್ತು ತಂದ ಹಾಗಿತ್ತು. ಮನೆಯ ಹತ್ತಿರದ ಚಾರಿಟಿ ಅಂಗಡಿಯಲ್ಲಿ ಆರು ಪೌಂಡಿಗೆ ಸಿಕ್ಕಿತಂತೆ.

ಅವ್ವ ಬಂದು ಅಸ್ತರ ಹಿಡಿದು ನೋಡಿದಳು. ಗುಂಡಿ ಜಗ್ಗಿದಳು. ಕಾಲರು ಮೂಸಿದಳು. ಲಕ್ಷ್ಮೇಶ್ವರದ ಅರಿವೆ ಅಂಗಡಿಯವರು ಅವ್ವನನ್ನು ಕಂಡರೆ ಯಾಕೆ ಮೊದಲೇ ಬೆವರುತ್ತಾರೆ ಎಂದು ಗೊತ್ತಾಗಬೇಕಾದರೆ ಆ ಹೊತ್ತು ಅವಳನ್ನು ನೋಡಬೇಕಿತ್ತು.

"ಡಾಂಬರ ಗುಳಿಗಿ ವಾಸನಿ ಬರತೈತಿ. ಆರು ಪೌಂಡಂದ್ರ ಆರೇಳು ನೂರು ರೂಪಾಯಿ. ಇಷ್ಟು ಛಲೋ ಅರಿವಿ ಇಷ್ಟು ಸೋವಿ ಹೆಂಗ ಕೊಟ್ರವಾ?"

"ಸೆಕೆಂಡ್ ಹ್ಯಾಂಡ್ ಅಜ್ಜಿ."

ಅವ್ವ ಕೈ ಹಿಂದಕ್ಕೆ ತೆಗೆದಳು. "ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೇಳೀನಿ. ಸೆಕೆಂಡ್ ಹ್ಯಾಂಡ್ ಎಮ್ಮಿ ಕೇಳೀನಿ. ಕೋಟು ಕೇಳಿಲ್ಲ. ಯಾರದಿದು?"

"ಈಗ ನಂದು."

"ನಿಂದಾಗೂಕ್ಕಿಂತ ಮದ್ಲ ಯಾರದು?"

ಈ ಪ್ರಶ್ನೆಗೆ ಮಗಳ ಹತ್ತಿರ ಉತ್ತರವಿರಲಿಲ್ಲ. ಆ ಅಂಗಡಿಗಳಲ್ಲಿ ಅಳತೆ ಕೇಳುತ್ತಾರೆ, ಬೆಲೆ ಕೇಳುತ್ತಾರೆ. 'ಯಾರದು' ಅಂತ ಯಾರೂ ಕೇಳುವುದಿಲ್ಲ. ಅವ್ವ ತಾನೇ ತರ್ಕ ಹೂಡಿ ತೀರ್ಪು ಕೊಟ್ಟಳು. "ಗುಂಡಿ ಒಂದೂ ಉದುರಿಲ್ಲ. ಅಸ್ತರ ಹರಿದಿಲ್ಲ. ಜೀವ ಇದ್ದಾಂವ ಇಂಥಾ ಕೋಟು ಬಿಡ್ತಾನೇನು? ಇದು ಸತ್ತಾವನ ಕೋಟು. ತಗದ ಹೊರಗಿಡು."

ಇಲ್ಲಿ ನಾನು ಅವ್ವನ ಪಕ್ಷ ಸೇರಿಬಿಟ್ಟೆ. ಹೆಂಡತಿ ನನ್ನ ಕಡೆ ಬೆರಗಾಗಿ ನೋಡಿದಳು. ಯಾವ ಜಗಳದಲ್ಲೂ ನಾನು ಇಷ್ಟು ಬೇಗ ಪಕ್ಷ ಸೇರಿದವನಲ್ಲ. ನನಗೆ ಸತ್ತವರ ಭಯವೇನಿಲ್ಲ. ನನ್ನ ಭಯ ಬದುಕಿದ್ದವರದು, ಅದರಲ್ಲೂ ಗದಗಿನವರದು.

ಗದಗಿನಲ್ಲಿ ನನ್ನ ಸೋದರಮಾವ ಇದ್ದರು. ಅವರಿಗೆ ಇಬ್ಬರು ಗಂಡುಮಕ್ಕಳು. ಬೇಸಿಗೆ ಬಂತೆಂದರೆ ಒಂದು ಕೈಚೀಲ ನಮ್ಮ ಮನೆಗೆ ಬರುತ್ತಿತ್ತು. ಅಂಗಿ, ಚೊಣ್ಣ, ಒಮ್ಮೊಮ್ಮೆ ಒಂಟಿ ಕಾಲುಚೀಲ. ದೊಡ್ಡವನು ತೊಟ್ಟು, ಸಣ್ಣವನು ತೊಟ್ಟು, ನನಗೆ ಬರುವ ಹೊತ್ತಿಗೆ ಅಂಗಿಯ ಚೌಕಡಿ ಯಾವ ಬಣ್ಣದ್ದೆಂದು ಊಹಿಸಬೇಕಾಗುತ್ತಿತ್ತು. ಚೊಣ್ಣದ ಹಿಂದಿನ ಎರಡು ತ್ಯಾಪಿ ಕನ್ನಡಕದಂತೆ ಕಾಣುತ್ತಿದ್ದವು. ನನಗಿಂತ ಚೆನ್ನಾಗಿ ಅವಕ್ಕೇ ಹಿಂದಿನದೆಲ್ಲ ಕಾಣುತ್ತಿತ್ತೇನೋ. ಅದೂ ಪರವಾಗಿಲ್ಲ, ಊರಲ್ಲಿ ಯಾರ ಚೊಣ್ಣಕ್ಕೆ ತ್ಯಾಪಿ ಇರಲಿಲ್ಲ? ಆದರೆ ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾವನ ಸಣ್ಣ ಮಗ ಜಾತ್ರೆಗೆ ಬಂದ. ತೇರಿನ ಮುಂದೆ, ನನ್ನ ಇಡೀ ವರ್ಗದ ಎದುರಿಗೆ, ಬೆರಳು ಮಾಡಿ ಕೂಗಿದ: "ಏ, ಅದು ನನ್ನಂಗಿ!" ಅಂದಿನಿಂದ ನನ್ನ ಹೆಸರು 'ಗದಗಿನ ಅಂಗಿ'. ಹಾಜರಿ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಮೆಟ್ರಿಕ್ ಮುಗಿಯುವವರೆಗೂ ಅದೇ ಹೆಸರು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ನಮ್ಮೂರು ಗದಗ ಜಿಲ್ಲೆಗೆ ಸೇರಿದಾಗ ಒಬ್ಬ ಗೆಳೆಯ ನನಗೆ ಕಾಗದ ಬರೆದಿದ್ದ: "ಈಗ ನಮ್ಮೆಲ್ಲಾರ ಅಂಗಿನೂ ಗದಗಿನವು."

ಆ ಜಾತ್ರೆಯ ನಂತರ ನಾನು ಇನ್ನೊಬ್ಬರ ಕರವಸ್ತ್ರವನ್ನೂ ಮುಟ್ಟಿಲ್ಲ. ಲೀಡ್ಸ್‌ಗೆ ಬಂದು ಹದಿನಾಲ್ಕು ವರ್ಷ ಚಾರಿಟಿ ಅಂಗಡಿ ಬಂದಲ್ಲೆಲ್ಲ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದಿದ್ದೇನೆ. ಸಂಬಳ ಬಂದ ದಿನ ಒಂದು ಹೊಸ ಅಂಗಿ ಕೊಂಡು, ಅದರ ಮಡಿಕೆಯೊಳಗಿನ ರಟ್ಟು, ಟಾಚಣಿ ಒಂದೊಂದಾಗಿ ತೆಗೆಯುವ ಸುಖವೇ ಬೇರೆ. ಒಂದು ಟಾಚಣಿ ಮರೆತು ಬೆನ್ನಿಗೆ ಚುಚ್ಚಿದರೂ ಖುಷಿಯೇ. ನನಗಿಂತ ಮೊದಲು ಯಾರಿಗೂ ಚುಚ್ಚಿಲ್ಲವಲ್ಲ.

ಹೆಂಡತಿ ಮೈಸೂರು ಕಡೆಯವಳು. ಅವಳ ನಿಲುವು ಏಣಿಯ ಹಾಗೆ. ಹಳೇ ಪುಸ್ತಕ ಧಾರಾಳ. ಪಿಂಗಾಣಿ ತಟ್ಟೆ ಬಿಸಿನೀರಲ್ಲಿ ಅದ್ದಿದರೆ ಆಯಿತು. ಕೋಟು, ನೋಡೋಣ. ಅಂಗಿ ಬೇಡ. ಚಪ್ಪಲಿ ಛೀ. ಅದರಿಂದ ಕೆಳಗಿನದಕ್ಕೆ "ರಾಮ ರಾಮಾ". ಆದರೆ ಈ ಏಣಿಯನ್ನು ಅವಳು ಯಾರೂ ಇಲ್ಲದಾಗ ಹತ್ತಿಳಿಯುತ್ತಾಳೆ ಎಂದು ನನಗೆ ಗುಮಾನಿ. ನಮ್ಮ ಕನ್ನಡದವರು ಸೇರಿದಲ್ಲಿ ಯಾರಾದರೂ "ಜಾಕೆಟ್ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಅಂದರೆ "ಸೇಲ್‌ನಲ್ಲಿ" ಅಂತಾಳೆ. ಕೇಳಿದವರೂ ಮುಂದೆ ಕೇಳುವುದಿಲ್ಲ. ಅವರು ತೊಟ್ಟದ್ದೂ 'ಸೇಲ್'ನದೇ. ಒಮ್ಮೆ ಅವಳು ಚಾರಿಟಿ ಅಂಗಡಿಯೊಳಗೆ ಇನ್ನೊಬ್ಬ ಕನ್ನಡತಿಗೆ ಮುಖಾಮುಖಿ ಸಿಕ್ಕಿಬಿದ್ದಳಂತೆ. ಇಬ್ಬರೂ ಒಂದೇ ಉಸಿರಿಗೆ "ಬಟ್ಟೆ ಕೊಟ್ಟು ಹೋಗೋಣ ಅಂತ ಬಂದೆ" ಎಂದರಂತೆ. ಇಬ್ಬರ ಕೈಯಲ್ಲೂ ಹ್ಯಾಂಗರು. ಕನ್ನಡಿಗರ ಪಾಲಿಗೆ ಆ ಅಂಗಡಿಗಳು ಹುಂಡಿಯ ಹಾಗೆ. ಹಾಕಿದವರನ್ನು ನೋಡಿದವರಿದ್ದಾರೆ, ತೆಗೆದವರನ್ನು ಯಾರೂ ಕಂಡಿಲ್ಲ.

ಜಗಳ ಅಡುಗೆಮನೆಗೆ ಬಂತು. ಮಗಳು ಶಾಲೆಯಲ್ಲಿ ಓದಿದ್ದನ್ನೆಲ್ಲ ಹರವಿದಳು. ಲೀಡ್ಸ್‌ನಿಂದ ಏಳೆಂಟು ಮೈಲಿ ಆಚೆ ಬ್ಯಾಟ್ಲಿ ಎಂಬ ಊರಿದೆ. ಅಲ್ಲಿ 1813ರಲ್ಲಿ ಬೆಂಜಮಿನ್ ಲಾ ಎಂಬಾತ ಚಿಂದಿಯಾದ ಹಳೇ ಉಣ್ಣೆ ಬಟ್ಟೆಯನ್ನು ಹರಿದು, ನಾರು ಬಿಡಿಸಿ, ಅದಕ್ಕಿಷ್ಟು ಹೊಸ ಉಣ್ಣೆ ಬೆರೆಸಿ ನೂತು ನೇಯುವ ದಾರಿ ಕಂಡುಹಿಡಿದ. ಅದಕ್ಕೆ 'ಶಾಡಿ' ಅಂತ ಹೆಸರು. ಕಾಲಾಂತರದಲ್ಲಿ ಇಲ್ಲಿಯ ಗಿರಣಿ ನಿಂತವು, ಕಸುಬು ನಮ್ಮ ಹರಿಯಾಣದ ಪಾಣಿಪತ್‌ಗೆ ಹೋಯಿತು. ಇಲ್ಲಿಯವರು ಬಿಟ್ಟ ಸ್ವೆಟರು, ಕೋಟು ಮೂಟೆಗಟ್ಟಲೆ ಹಡಗು ಹತ್ತಿ ಅಲ್ಲಿಗೆ ಹೋಗುತ್ತವೆ. ಅಲ್ಲಿ ಬಣ್ಣದ ಪ್ರಕಾರ ವಿಂಗಡಿಸಿ, ಹರಿದು, ನೂತು, ಅಗ್ಗದ ರಗ್ಗು ಮಾಡುತ್ತಾರೆ.

"ಅಜ್ಜಿ, ಬೆಳ್ಳಟ್ಟಿಯಲ್ಲಿ ನಿನ್ನ ಮಂಚದ ಮೇಲಿರೋ ರಗ್ಗು ಎಲ್ಲೀದು?"

ಅವ್ವ ಸುಳ್ಳು ಹೇಳುವವಳಲ್ಲ. "ಪಾಣಿಪತ್ತಿಂದು."

"ಹಾಗಾದ್ರೆ ನೀನು ದಿನಾ ಇಂಗ್ಲಿಷ್‌ನವರ ಹಳೇ ಕೋಟು ಹೊದ್ಕೊಂಡೇ ಮಲಗ್ತೀಯ!"

1526, 1556, 1761. ಪಾಣಿಪತ್ ಯುದ್ಧ ಮೂರೇ ಎಂದು ಬರೆದು ಪರೀಕ್ಷೆ ಪಾಸಾದವನು ನಾನು. ನಾಲ್ಕನೆಯದನ್ನು ಅಂದು ಕಣ್ಣಾರೆ ಕಂಡೆ. ಮಗಳು ಗೆದ್ದೇಬಿಟ್ಟಳು ಅಂದುಕೊಂಡು ಹೆಂಡತಿ ಒಲೆ ಆರಿಸಿ ನಿಂತಳು. ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನಿಧಾನಕ್ಕೆ ಹೇಳಿದಳು.

"ಅದನ್ನ ಹರಿದಾರ, ಎಳಿ ಎಳಿ ಬಿಡಿಸ್ಯಾರ, ಮತ್ತ ನೂತು ನೇಯ್ದಾರ. ಅಂದಮ್ಯಾಲ ಅದಕ್ಕ ಇನ್ನೊಂದು ಜನ್ಮ ಬಂತು. ಹೋದ ಜನ್ಮದಾಗ ಕೋಟಿತ್ತೋ ಕೌಪೀನ ಇತ್ತೋ ಯಾಂವ ಕೇಳ್ತಾನ? ಇದು ಹಂಗಲ್ಲ. ಇದು ಇನ್ನೂ ಹಳೇ ಜನ್ಮದಾಗೇ ಐತಿ. ಇದಕ್ಕ ಮುಕ್ತಿ ಆಗಿಲ್ಲ."

ಹರಿಯಾಣದ ಗಿರಣಿಯವರಿಗೆ ತಾವು ಮಾಡುತ್ತಿರುವುದು ಇಷ್ಟು ದೊಡ್ಡ ಕೆಲಸ ಎಂದು ಗೊತ್ತಿರಲಿಕ್ಕಿಲ್ಲ.

ಮಗಳು ಬಿಡಲಿಲ್ಲ. ಮೇಲಕ್ಕೆ ಓಡಿ ತನ್ನ ಹಾಸಿಗೆಯ ಕೌದಿ ಹೊತ್ತು ತಂದಳು. ಅವಳು ಹುಟ್ಟಿದಾಗ ಅವ್ವನೇ ಹೊಲಿದು ಕಳಿಸಿದ್ದು. ನಮ್ಮ ಅಜ್ಜಿಯ ಇಳಕಲ್ ಸೀರೆ, ದೊಡ್ಡವ್ವನ ಬೆಟಗೇರಿ ಸೀರೆ, ಯಾವುದೋ ಗುಳೇದಗುಡ್ಡ ಖಣದ ತುಂಡು, ನಡುವೆ ಅಪ್ಪನ ಲುಂಗಿಯ ಒಂದು ಚೌಕ. ಕೊನೆಯ ಮೂಲೆ ಮುಚ್ಚುವ ಮೊದಲು, ಕೌದಿ ಹಸಿದಿರಬಾರದೆಂದು ಅವ್ವ ಒಳಗೆ ಹೋಳಿಗೆಯ ಚೂರು ಇಟ್ಟಿದ್ದಳು. "ಇದರಲ್ಲಿರೋರೆಲ್ಲ ಸತ್ತವರೇ ಅಲ್ವಾ ಅಜ್ಜಿ? ನಾನು ಹದಿನಾರು ವರ್ಷದಿಂದ ಇವರ ಕೆಳಗೇ ಮಲಗ್ತಿದೀನಿ."

"ಅವರು ನಮ್ಮಾವ್ರಲೇ ಹುಚ್ಚಿ! ಅವರು ಯಾಕ ಕಾಡ್ತಾರ? ಇಂವ ಯಾಂವ?"

ಅಂದರೆ ಸತ್ತಿದ್ದು ತಪ್ಪಲ್ಲ. ಪರಿಚಯವಿಲ್ಲದೆ ಸತ್ತಿದ್ದು ತಪ್ಪು. ಈ ಮಾತು ನನಗೆ ಆಗ ಹೊಳೆಯಲಿಲ್ಲ. ಅವ್ವನಿಗೆ ಹೊಳೆಯಿತು, ಮುಂದಿನ ಅನಾಹುತವೆಲ್ಲ ಅದರಿಂದಲೇ ಆದದ್ದು.

ಅಂದು ರಾತ್ರಿ ಕೋಟು ಬಾಗಿಲ ಬಳಿಯ ಗೂಟದಲ್ಲಿ ತೂಗಿತು. ಬೆಳಿಗ್ಗೆ ಎದ್ದರೆ ಅವ್ವ ಅದರ ಬಕ್ಕಣದೊಳಗೆ ಮೊಣಕೈವರೆಗೂ ಕೈಹಾಕಿ ನಿಂತಿದ್ದಾಳೆ. ಮೇಜಿನ ಮೇಲೆ ಮೂರು ವಸ್ತು: ಒಂದು ಪೆಪ್ಪರ್‌ಮಿಂಟು, ಒಂದು ಮಾಸಿದ ಬಸ್ ಟಿಕೀಟು, ನಾಲ್ಕು ಮಡಿಕೆಯ ಒಂದು ಚೀಟಿ. ಮಗಳಿಂದ ಚೀಟಿ ಓದಿಸಿದಳು. ಹಾಲು. ಬ್ರೆಡ್ಡು. ದೀಪದ ಬಲ್ಬು. ಬೆಕ್ಕಿನ ಊಟ.

"ಬೆಕ್ಕು ಸಾಕಿದ್ದನೇನು?" ಅವ್ವನ ದನಿ ಬದಲಾಯಿತು.

ಅಲ್ಲಿಗೆ ಮುಗಿಯಿತು. ಮಧ್ಯಾಹ್ನದೊಳಗೆ ಕೋಟಿಗೆ ಒಬ್ಬ ಯಜಮಾನ ತಯಾರಾದ. ಬಸ್ಸಿನಲ್ಲಿ ಓಡಾಡುತ್ತಿದ್ದನೆಂದರೆ ಸಾವುಕಾರನಲ್ಲ. ಚೀಟಿ ಬರೆದುಕೊಂಡನೆಂದರೆ ಮರೆವು, ವಯಸ್ಸಾಗಿತ್ತು. ಒಂದೇ ಬಲ್ಬೆಂದರೆ ಒಂದೇ ಖೋಲಿ. ಚೀಟಿಯಲ್ಲಿ ಕುಂಕುಮ, ಬಳೆ ಇರಲಿಲ್ಲವಾದ್ದರಿಂದ ಹೆಂಡತಿ ಮೊದಲೇ ಹೋಗಿದ್ದಳು. ಇಂಗ್ಲೆಂಡಿನಲ್ಲಿ ಹೆಂಡತಿ ಇದ್ದವನ ಚೀಟಿಯಲ್ಲೂ ಕುಂಕುಮ ಇರುವುದಿಲ್ಲವೆಂದು ಹೇಳಹೋದೆ. ಅವ್ವ ಕಣ್ಣಲ್ಲೇ ಕೂರಿಸಿದಳು. ಸಂಜೆಯ ಹೊತ್ತಿಗೆ ಅವನಿಗೆ 'ಕೋಟಜ್ಜ' ಎಂದು ಹೆಸರಾಯಿತು. ಮರುದಿನ ಕಾಲರಿಗೆ ವಿಭೂತಿ ಬಿತ್ತು. ಮಗಳು ಅದನ್ನು ಹಾಕಿಕೊಳ್ಳಲು ಅಪ್ಪಣೆಯೂ ಸಿಕ್ಕಿತು. ಮಳೆಯಲ್ಲಿ ತೊಯ್ದು ಬಂದರೆ "ಕೋಟಜ್ಜಗ ಥಂಡಿ ಆಗತೈತಿ, ಹೀಟರ್ ಬಾಜೂ ಹಾಕು" ಎನ್ನುವಳು. ನನಗೆ ಥಂಡಿಯಾಗಿ ನಾಲ್ಕು ದಿನವಾಗಿತ್ತು, ಕೇಳಿದವರಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಮ್ಮೆಲೇ ತುತ್ತು ನಿಲ್ಲಿಸಿ ಅನ್ನುವಳು: "ಆ ಬೆಕ್ಕು ಈಗ ಯಾರ ಮನ್ಯಾಗ ಐತೋ ಏನೋ?"

ಹೀಗಿರುವಾಗ ಮಹಾನವಮಿ ಅಮಾಸಿ ಬಂತು.

ಊರಲ್ಲಾದರೆ ಅವ್ವ ಟ್ರಂಕಿನಿಂದ ಅಪ್ಪನ ಕರಿ ಕೋಟು ತೆಗೆದು, ಮಡಿಸಿ ಮಣೆಯ ಮೇಲಿಟ್ಟು ಎಡೆ ಹಿಡಿಯುತ್ತಾಳೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಲಕ್ಷ್ಮೇಶ್ವರದಲ್ಲಿ ಮದುವೆಗೆ ಹೊಲಿಸಿದ ಆ ಒಂದೇ ಕೋಟಿನಲ್ಲಿ ಮೂವತ್ತು ವರ್ಷದ ಆಗಸ್ಟ್ ಹದಿನೈದು, ಇನ್‌ಸ್ಪೆಕ್ಷನ್ನು, ಬೀಗರೂಟ ಎಲ್ಲ ಮುಗಿಸಿದವರು. ಈ ಸಲ ಅವ್ವ ಆರು ತಿಂಗಳ ವೀಸಾದ ಮೇಲೆ ನಮ್ಮಲ್ಲಿದ್ದಳು, ಕೋಟು ಬೆಳ್ಳಟ್ಟಿಯ ಟ್ರಂಕಿನಲ್ಲಿತ್ತು. ಹಿಂದಿನ ದಿನ ಬೇಳೆ ಆರಿಸುತ್ತ ಅವ್ವ ನನಗೆ ಯಾವತ್ತೂ ಹೇಳದ ಒಂದು ಮಾತು ಹೇಳಿದಳು. ಅಪ್ಪ ತೀರಿದ ಮೇಲೆ ಅವರ ಅಂಗಿ ಧೋತರವನ್ನೆಲ್ಲ ನಮ್ಮ ಹೊಲಕ್ಕೆ ಬರುತ್ತಿದ್ದ ಆಳಿಗೆ ಕೊಟ್ಟಿದ್ದಳು. ಕೊಡಬೇಕಾದದ್ದೇ. ಆಮೇಲೆ ಒಂದು ಸಂಜೆ ಬಾಗಿಲಲ್ಲಿ ನಿಂತಿದ್ದಾಗ ಅಪ್ಪ ಓಣಿಯ ತುದಿಗೆ ನಡೆದು ಹೋಗುತ್ತಿದ್ದರು. ಅದೇ ನೀಲಿ ಗೀಟಿನ ಅಂಗಿ, ಹೆಗಲಮೇಲೆ ತಾನೇ ಹಾಕಿದ ಹೊಲಿಗೆ. "ಹಿಂದಿಂದ ನೋಡಿದ್ರ ಅವರ. ಕರೀಬೇಕಂತ ಬಾಯಿ ತಗದಿದ್ದೆ." ಆ ಅಂಗಿ ಹರಿದು ಹೋಗಲು ಎರಡು ವರ್ಷ ಹಿಡಿಯಿತಂತೆ. ಅಷ್ಟು ದಿನ ಅವ್ವ ಸಂಜೆ ಹೊತ್ತು ಬಾಗಿಲಿಗೆ ಬರಲೇ ಇಲ್ಲವಂತೆ. "ಅದಕ್ಕ ಕೋಟು ಮಾತ್ರ ಯಾರಿಗೂ ಕೊಡಲಿಲ್ಲ ನೋಡು," ಅಂದು ಬೇಳೆಯಲ್ಲಿ ಇಲ್ಲದ ಕಲ್ಲು ಹುಡುಕಿದಳು.

ನಾನು ನನ್ನ ಚೊಣ್ಣದ ಕಥೆ ಹೇಳಲು ಬಂದವನು ಸುಮ್ಮನೆ ಎದ್ದು ಹೋದೆ.

ಅಮಾಸಿಯ ದಿನ ಎರಡು ತಟ್ಟೆ. ಒಂದು ಅಪ್ಪನ ಫೋಟೋದ ಮುಂದೆ. ಇನ್ನೊಂದು ಕುರ್ಚಿಯ ಬೆನ್ನಿಗೆ ಗುಂಡಿ ಹಾಕಿ ಕೂರಿಸಿದ ಕಂದು ಕೋಟಿನ ಮುಂದೆ. ಹೆಂಡತಿ ಮೆಲ್ಲಗೆ, "ಅತ್ತೆ, ಅವರು ಯಾವ ಜಾತಿಯೋ ಏನೋ, ನಮ್ಮ ಪದ್ಧತಿ ಅವರಿಗೆ ಆಗತ್ತೋ ಇಲ್ವೋ" ಎಂದಳು. ಅವ್ವ ಅಂದಳು, "ಅವನ ಮಂದಿ ಕೋಟು ಅಂಗಡಿಗೆ ಹಾಕಿ ಕೈ ತೊಳಕೊಂಡಾರ. ಎಡಿ ಹಿಡಿಯಾವ್ರು ಯಾರದಾರ? ನಮ್ಮ ಮನಿ ಗೂಟಕ್ಕ ಬಂದಾನಂದ್ರ ನಮ್ಮ ಹಿರಿಯಾನ ಆದ." ಎಣಗಾಯಿಗೆ ಖಾರ ಅರ್ಧಕ್ಕೆ ಇಳಿಸಿದ್ದಳು. ಮೂವತ್ತೈದು ವರ್ಷ ನನ್ನ ಕಣ್ಣಲ್ಲಿ ನೀರು ಬಂದರೂ ಇಳಿಸದ ಖಾರ! ಪಕ್ಕಕ್ಕೆ ಎರಡು ಬಿಸ್ಕೀಟು, ಒಂದು ಕಪ್ಪು ಹಾಲಿನ ಟೀ. ಪೆಪ್ಪರ್‌ಮಿಂಟನ್ನು ಅಂಗಾರದ ಹಾಗೆ ನಡುವೆ ಇಟ್ಟಿದ್ದಳು. ನಾವು ಮೂವರೂ ಕೋಟಿಗೆ ಕೈಮುಗಿದೆವು. ಕೈಮುಗಿಯುವಾಗ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹೆಂಡತಿಗೆ ಬಂತು, ಅವಳು ಅದನ್ನು ಕೆಮ್ಮಾಗಿ ಪರಿವರ್ತಿಸಿದಳು. ಎರಡೂ ಎಡೆಯನ್ನು ಹಿತ್ತಲಿಗೆ ಒಯ್ದಿಟ್ಟರೆ ಕಾಗೆ ಬರಲಿಲ್ಲ. ಪಕ್ಕದ ಮನೆಯ ನಾಯಿ ಬೇಲಿ ಹಾರಿ ಬಂದು ಕೋಟಜ್ಜನ ಪಾಲಿನ ಹೋಳಿಗೆ ತಿಂದು ಅಪ್ಪನದನ್ನು ಮೂಸಿ ಬಿಟ್ಟಿತು. ಅದಕ್ಕೂ ಅವ್ವನ ಹತ್ತಿರ ಅರ್ಥವಿತ್ತು: "ನಿಮ್ಮಪ್ಪಗ ಸಕ್ಕರಿ ಬ್ಯಾನಿ ಇತ್ತಲ್ಲ."

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಆದರೆ ಎರಡು ದಿನ ಬಿಟ್ಟು ಅವ್ವನಿಗೆ ಹೊಸ ಚಿಂತೆ ಹತ್ತಿತು. ಹೆಸರಿಲ್ಲದೆ ಹಿಡಿದ ಎಡೆ ಯಾರಿಗೆ ಮುಟ್ಟೀತು? ಕಾಗದವೇನೋ ಹಾಕಿದ್ದೇವೆ, ವಿಳಾಸ ಬರೆದಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೊರಟಳು. ನಾನು ರಸ್ತೆಯ ಆಚೆ ಬದಿಯಲ್ಲಿ ನನ್ನ ವ್ರತ ಪಾಲಿಸುತ್ತ ನಿಂತಿದ್ದೆ. ಐದು ನಿಮಿಷದಲ್ಲಿ ಮಗಳು ಹೊರಗೆ ಓಡಿ ಬಂದು, "ಪಪ್ಪಾ, ಬೇಗ ಬಾ" ಎಂದಳು. ಅವಳ ಮುಖ ಬಿಳುಪೇರಿತ್ತು. ಹದಿನಾಲ್ಕು ವರ್ಷದ ನಂತರ ರಸ್ತೆ ದಾಟಿದೆ.

ಗಲ್ಲೆಯಲ್ಲಿ ಎಂಬತ್ತು ದಾಟಿದ, ಸಣಕಲು, ಉದ್ದನೆಯ ಒಬ್ಬ ಮುದುಕ. ಆ ಅಂಗಡಿಗಳಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವ ನಿವೃತ್ತರ ಪೈಕಿಯವನು. ಮಗಳು "ಈ ಕೋಟು ಯಾರದೆಂದು ಗೊತ್ತೇ, ಅವರ ಹೆಸರೇನಿತ್ತು?" ಎಂದು ಕೇಳಿದ್ದಾಳೆ. ಆತ ಕನ್ನಡಕ ಏರಿಸಿ ನೋಡಿ, "ನನ್ನದೇ" ಎಂದಿದ್ದಾನೆ. ಹೋದ ಚಳಿಗಾಲ ಕಾಯಿಲೆ ಬಿದ್ದು ಮೈ ಇಳಿದಿತ್ತಂತೆ. ಕೋಟು ದೊಗಳೆಯಾಯಿತು. ತಾನೇ ತಂದು, ತಾನೇ ಬೆಲೆಚೀಟಿ ಅಂಟಿಸಿ, ತಾನೇ ತೂಗುಹಾಕಿದ್ದನಂತೆ.

ನಾನು ಒಳಗೆ ಹೋದಾಗ ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಷ್ಟು ದೊಡ್ಡ ಅಡಿಗೆ ಮಾಡಿಸಿಕೊಂಡವನು ಸಾಯದೇ ಇದ್ದುದರ ಬಗ್ಗೆ ಸ್ವಲ್ಪ ಅಸಮಾಧಾನವಿತ್ತೇನೋ.

"ಯವ್ವಾ, ನಡಿ ಹೋಗೋಣು, ಏನೂ ಹೇಳಬ್ಯಾಡ," ಎಂದೆ. ತಡವಾಗಿತ್ತು. ಮಗಳು ಹೇಳಿಬಿಟ್ಟಿದ್ದಳು, ಎಲ್ಲವನ್ನೂ, ಕುರ್ಚಿ ಗುಂಡಿ ಪೆಪ್ಪರ್‌ಮಿಂಟು ಸಮೇತ. ಈ ದೇಶದಲ್ಲಿ ಬೆಳೆದ ಮಕ್ಕಳಿಗೆ ನಿಜ ಹೇಳುವ ಚಟ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಗಂಭೀರವಾಗಿ, ಅಡುಗೆ ಏನೇನಿತ್ತು ಎಂದು ಕೇಳಿದ. ಮಗಳು ಅನುವಾದಿಸಿದಳು. ಅವ್ವನ ಮುಖ ಅರಳಿತು. ನನ್ನ ಕಡೆ ತಿರುಗಿ, "ನೋಡು, ಕೇಳೂ ರೀತಿ ಐತಿ. ನೀ ಇಷ್ಟು ವರ್ಷದಾಗ ಒಂದ ದಿನ ಕೇಳೀಯೇನು?" ಎಂದಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಬೆಕ್ಕು ಆರಾಮೈತೇನು ಕೇಳು."

ಆತ ತಲೆ ತಗ್ಗಿಸಿದ. ಬೆಕ್ಕು ಬೇಸಿಗೆಯಲ್ಲಿ ತೀರಿಕೊಂಡಿತ್ತು. ಹದಿನೇಳು ವರ್ಷ ಬಾಳಿತ್ತಂತೆ.

ಅವ್ವ ಗಲ್ಲೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಳು. ಆಮೇಲೆ ಎಲ್ಲ ಲೆಕ್ಕ ಚುಕ್ತಾ ಆದವಳ ಹಾಗೆ ನನಗೆ ಹೇಳಿದಳು: "ಹಂಗಾರ ಎಡಿ ಸುಮ್ನ ಹೋಗಿಲ್ಲ ಬಿಡು. ಬೆಕ್ಕಿಗೆ ಮುಟ್ಟೇತಿ. ಅದಕ್ಕ ಹಾಲು ಇಡಬೇಕಂತ ನನಗ ತಾನಾ ಅನಸ್ತು ನೋಡು." ಮತ್ತೆ ಮಗಳಿಗೆ, "ಸತ್ತಾನಂತ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗತೈತಿ, ಚಿಂತಿ ಮಾಡಬ್ಯಾಡ ಅಂತ ಹೇಳು." ಮಗಳು ಹೇಳಿದಳು. ಆತ ನಕ್ಕು, ತನಗೆ ಈಗಾಗಲೇ ಸಾಕಷ್ಟಾಗಿದೆ ಎಂದ.

ಆತನಿಗೆ ಮಾತು ಬೇಕಿತ್ತು. 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಈ ದೇಶದಲ್ಲಿ ಬಟ್ಟೆಗೆ ರೇಷನ್ ಇತ್ತಲ್ಲ, ಆತ ಹುಟ್ಟಿದ್ದು ಆ ಕಾಲದಲ್ಲಿ. ತಾಯಿ ಅಪ್ಪನ ಸ್ವೆಟರು ಬಿಚ್ಚಿ ಅದೇ ಉಣ್ಣೆಯಲ್ಲಿ ಇವನಿಗೆ ಹೆಣೆಯುತ್ತಿದ್ದಳಂತೆ. ಇವನಿಗೆ ಬಿಗಿಯಾದರೆ ಅದು ತಮ್ಮನಿಗೆ. ತಮ್ಮ ಇವತ್ತಿಗೂ ಆ ಸಿಟ್ಟು ಬಿಟ್ಟಿಲ್ಲವಂತೆ. ಆ ತಮ್ಮನ ಮೇಲೆ ನನಗೆ ಅಪಾರ ಪ್ರೀತಿ ಉಕ್ಕಿತು. ಅವನಿಗೂ ಯಾವ ಜಾತ್ರೆಯಲ್ಲಿ ಯಾರು ಬೆರಳು ಮಾಡಿದ್ದರೋ. ಅವ್ವನಿಗೆ ಬೇರೆ ಕುತೂಹಲ. "ಇವರಿಗೂ ರೇಷನ್ ಕಾರ್ಡು ಇತ್ತೇನು? ಎಪಿಎಲ್ಲೋ ಬಿಪಿಎಲ್ಲೋ?"

ಮರುವಾರ ಒಂದು ಸ್ಟೀಲಿನ ಡಬ್ಬಿಯಲ್ಲಿ ಕರಿಗಡಬು ಅಂಗಡಿಗೆ ಹೋದವು. ಆ ಡಬ್ಬಿಗೂ ಒಂದು ಕಥೆಯಿದೆ. ಬೆಳ್ಳಟ್ಟಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದಾಗ ಅವ್ವ ಎರಡು ತಾಸು ಚೌಕಾಶಿ ಮಾಡಿ, ನನ್ನ ಮೂರು ಗದಗಿನ ಅಂಗಿ, ಎರಡು ಚೊಣ್ಣ ಕೊಟ್ಟು ಗಳಿಸಿದ ಡಬ್ಬಿ ಅದು. ನಾನು ಆ ದಿನ ಹಬ್ಬ ಆಚರಿಸಿದ್ದೆ. ಆ ಅಂಗಿಗಳು ಮತ್ತೆ ಯಾವ ಊರಿನ ಹುಡುಗನಿಗೆ ಏನು ಹೆಸರು ಕೊಟ್ಟವೋ.

ಡಬ್ಬಿ ನಿನ್ನೆ ವಾಪಸು ಬಂತು. ಖಾಲಿ ಡಬ್ಬಿ ತಿರುಗಿಸಬಾರದೆಂದು ಆತನಿಗೆ ಯಾರು ಹೇಳಿದರೋ, ಮಗಳೇ ಇರಬೇಕು. ಒಳಗೆ ಮಡಿಸಿಟ್ಟ ಒಂದು ಮಫ್ಲರ್. ಬೂದು ಬಣ್ಣ, ಕಂದು ಕೋಟಿನ ಜೋಡಿಯದು, ಅಂಚಿನಲ್ಲಿ ಸ್ವಲ್ಪ ಜುಂಗು ಬಿಟ್ಟದ್ದು. ನಿಸ್ಸಂದೇಹವಾಗಿ ಬಳಸಿದ್ದು. ನಾವು ಮೂವರೂ ಉಸಿರು ಹಿಡಿದು ಅವ್ವನನ್ನು ನೋಡಿದೆವು. ಅವ್ವ ಮೂಸಿದಳು. ಡಾಂಬರ ಗುಳಿಗೆ. ಬಿಚ್ಚಿದಳು. ಕಪ್ಪತಗುಡ್ಡದ ಗಾಳಿಗೆ ಸೆರಗು ಸುತ್ತಿಕೊಳ್ಳುವ ಹಾಗೆ ತಲೆಯ ಮೇಲಿಂದ ತಂದು ಗದ್ದದ ಕೆಳಗೆ ಕಟ್ಟಿಕೊಂಡಳು.

"ಅಜ್ಜಿ! ಅದು ಸೆಕೆಂಡ್ ಹ್ಯಾಂಡ್!"

"ಸೆಕೆಂಡ್ ಹ್ಯಾಂಡ್ ಯಾಕ? ಅಂಗಡ್ಯಾಗ ಕೊಂಡೀನೇನು? ಇದು ಆಯೇರಿ."

ಆಯೇರಿ ಬಂದ ಮೇಲೆ ಮುಯ್ಯಿ ಮಾಡಬೇಕು. ಅವ್ವ ತನ್ನ ಸೂಟ್‌ಕೇಸಿನ ತಳದಿಂದ ಒಂದು ಅಂಗಿಬಟ್ಟೆ ತೆಗೆದಳು. ಪ್ಲಾಸ್ಟಿಕ್ ಹಾಳೆ ಒಡೆದಿಲ್ಲ, ತಿಳಿನೀಲಿ, ಎರಡೂವರೆ ಮೀಟರು. ಅಪ್ಪಟ ಹೊಸದು. ಕುಂಕುಮ ಹಚ್ಚಿ, ಮೇಲೊಂದು ಟವೆಲ್ಲು, ತೆಂಗಿನಕಾಯಿ ಇಟ್ಟು ಕೊಡಬೇಕು ಎಂದು ನನ್ನ ಕೈಗೆ ಹಾಕಿದಳು. ನಾನು ಬೆಲೆ ಚೀಟಿ ಕೀಳಲು ತಿರುಗಿಸಿದೆ. ಹಾಳೆಗೆ ಅಂಟಿಕೊಂಡ ಒಂದು ಚೀಟಿ: ಮುಂಡರಗಿಯ ಒಂದು ಮನೆತನದವರಿಂದ, ಮಗಳ ಮದುವೆ ಆಯೇರಿ. ಅದರ ಹಿಂದೆ ಇನ್ನೊಂದು, ಶಿರಹಟ್ಟಿಯ ಒಂದು ಗೃಹಪ್ರವೇಶದ್ದು. ಅದರಡಿ ಮೂರನೆಯದು, ಶಾಯಿ ಅಳಿಸಿ ಬರೀ ವರ್ಷ ಉಳಿದಿತ್ತು: 2003.

"ಯವ್ವಾ, ಈ ಚೀಟಿ ತಗದು ಒಗೀಲೇನು?"

"ಇರಲಿ ಬಿಡು," ಅಂದಳು ಅವ್ವ, ಮಫ್ಲರಿನೊಳಗಿಂದ. "ಅವಗೇನ್ ಕನ್ನಡ ಓದಾಕ ಬರತೈತಿ?"